ಕನ್ನಡಕದ ಡಬ್ಬಿಯಲ್ಲಿ ಐವತ್ತೈದು ಡಿಗ್ರಿ

ಆ ಮನೆಯಲ್ಲಿ ಅವಸರಕ್ಕೆ ಕೈಕಾಲು ಬಂದು ಓಡಾಡುತ್ತಿತ್ತು. ಅದನ್ನು ತಂಗಿ ಅಣ್ಣ ಎಂದು ಕರೆಯುತ್ತಿದ್ದಳು. ಹಾಲು ಕಾಯುವ ಮೊದಲೇ ಲೋಟ ಹಿಡಿದು ನಿಲ್ಲುವವನು, ಅಂಗಿಯ ಗುಂಡಿಗಳನ್ನು ಬೀದಿಯಲ್ಲಿ ನಡೆಯುತ್ತಾ ಹಾಕಿಕೊಳ್ಳುವವನು.

ತಂಗಿಯೋ ಹೊಲಿಗೆ ಅಂಗಡಿಯಲ್ಲಿ ಆರು ವರ್ಷ ಕಾಜಾ ಹೊಲಿದು ಹೊಲಿದು ಬೇಸತ್ತವಳು. ಈಗ ಹಿಂದಿನ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಒಣಗಿಸುವ ಯಂತ್ರ ಇಟ್ಟುಕೊಂಡು ಪಾಲಕ್ ಪುಡಿ ಮಾಡಲು ಹೊರಟಿದ್ದಳು. ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಮೇಡಂ ಮೊದಲ ಪೊಟ್ಟಣವನ್ನು ಪರೀಕ್ಷೆಗೆ ಕಳಿಸಿ, "ಬಣ್ಣ ಕಂದಿದೆ, ವಿಟಮಿನ್ ಸಿ ಹೆಸರಿಗಷ್ಟೇ ಇದೆ. ಇನ್ನೊಂದೇ ಸಲ ನೋಡೋಣ" ಎಂದಿದ್ದರು. ಅದೂ ಕೈಕೊಟ್ಟರೆ ಮತ್ತೆ ಕಾಜಾವೇ ಗತಿ.

"ಐವತ್ತೈದು ಡಿಗ್ರಿಗೇ ಇಟ್ಟಿದ್ದೆ ಅಜ್ಜಿ. ಯಾಕೆ ಹೀಗಾಯ್ತು?"

ಅಜ್ಜಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಅವತ್ತು ಮನೆಯೆಲ್ಲ ಘಮ್ ಅಂತಿತ್ತು. ನೀನು ಕಣ್ಣು ಮುಚ್ಕೊಂಡು ಮೂಸ್ತಾ ನಿಂತಿದ್ದೆ. ಏನೋ ಎಡವಟ್ಟಾಗಿದೆ ಅಂತ ಆಗಲೇ ಅಂದ್ಕೊಂಡೆ."

"ಘಮ್ ಅಂದ್ರೆ ಒಳ್ಳೇದಲ್ವಾ?"

"ಸೊಪ್ಪಲ್ಲಿ ಇರಬೇಕಾದ್ದು ಮನೆ ತುಂಬ ಓಡಾಡ್ತಿದ್ರೆ ಸೊಪ್ಪಲ್ಲಿ ಏನೇ ಉಳಿಯುತ್ತೆ? ಊರವರ ಹೊಗಳಿಕೆಗೆ ಕಣಜ ಖಾಲಿ ಮಾಡ್ಕೊಂಡ ದೊರೆ ಥರ. ಯಾರೋ ಉರಿ ಜಾಸ್ತಿ ಮಾಡಿದಾರೆ."

ಇಬ್ಬರೂ ಅಣ್ಣನ ಕಡೆ ತಿರುಗಿದರು. ಅಣ್ಣ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ. ಅದು ಹೋದ ವರ್ಷದ್ದು.

"ಒಂಚೂರು ತಿರುಗಿಸಿದ್ದೆ" ಎಂದ. "ಎಂಬತ್ತಕ್ಕೆ. ಹತ್ತು ಗಂಟೆ ಕೆಲಸ ನಾಲ್ಕು ಗಂಟೇಲಿ ಮುಗೀತಲ್ಲ? ಯಂತ್ರ ಚೂಟಿಯಾಗಿದೆ ಅಂತ ನೀನೇ ಹೊಗಳಿದ್ದೆ."

ತಂಗಿ ಹೊಗಳಿದ್ದು ನಿಜವಾಗಿತ್ತು. ಅವತ್ತು ಅವಳು ಪುಡಿಯ ಪೊಟ್ಟಣಗಳ ಮೆರವಣಿಗೆಯನ್ನೇ ಕನಸು ಕಾಣುತ್ತಿದ್ದಳು. ಶಾಖದ ಮುಳ್ಳು ಎಲ್ಲಿದೆ ಎಂದು ನೋಡಿರಲಿಲ್ಲ.

"ಹಾಗಾದ್ರೆ ಈ ಸಲ ಮೂವತ್ತಕ್ಕೆ ಇಟ್ಬಿಡ್ತೀನಿ."

"ಅದೂ ಬೇಡ ಕಣೇ. ಒಣಗೋ ಹೊತ್ತಿಗೆ ಕೊಳೆತು ಹುಳಿ ವಾಸನೆ ಹಿಡಿಯುತ್ತೆ. ಐವತ್ತೈದೇ ಸರಿ. ಆದ್ರೆ ಅದು ಐವತ್ತೈದಾಗೇ ಇರಬೇಕು."

ಮರುದಿನ ಬೆಳಗ್ಗೆ ಆರಕ್ಕೆ ತಟ್ಟೆಗಳು ಒಳಗೆ ಹೋದವು. ಶಾಖದ ನಾಬನ್ನು ಐವತ್ತೈದಕ್ಕೆ ತಿರುಗಿಸಿದ ಮೇಲೆ ಅಜ್ಜಿ ಅದನ್ನು ಕಿತ್ತು, ಕನ್ನಡಕದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಯಂತ್ರದ ಪಕ್ಕ ಕೂತಳು.

ಹತ್ತಕ್ಕೆ ಅಣ್ಣ ಬಂದ. "ನಾಬ್ ಎಲ್ಲಿ?"

"ನಂಗೆಲ್ಲಿ ಕಾಣುತ್ತೋ. ಕನ್ನಡಕ ಹಾಕಿಲ್ಲ."

"ಹಾಕ್ಕೋ ಮತ್ತೆ."

"ಡಬ್ಬಿ ತೆಗೀಬೇಕಲ್ಲ."

"ಇಕ್ಕಳ ತಂದು ತಿರುಗಿಸ್ತೀನಿ ನಾನು."

"ತಂದ್ರೆ ನಿನ್ನನ್ನೇ ತಟ್ಟೆ ಮೇಲೆ ಹರಡ್ತೀನಿ ಅಣ್ಣಾ" ಎಂದಳು ತಂಗಿ.

"ಅವನಿಗೆ ಎಂಬತ್ತೇ ಇಡು" ಎಂದಳು ಅಜ್ಜಿ. "ಕಳ್ಕೊಳ್ಳೋಕೆ ಸಾರ ಏನೂ ಇಲ್ಲ."

ಸಂಜೆ ನಾಲ್ಕಾಯಿತು. ಮನೆಯಲ್ಲಿ ಯಾವ ಘಮವೂ ಇಲ್ಲ. ತಂಗಿ ಯಂತ್ರದ ಬಾಗಿಲು ತೆಗೆದಳು. ತಟ್ಟೆ ಎಳೆದರೆ ಎಲೆಗಳು ಹಸಿರಾಗೇ ಇದ್ದವು. ಒಂದನ್ನು ಬೆರಳಲ್ಲಿ ಹಿಸುಕಿದಳು. ಚರಚರ ಎಂದು ಪುಡಿಯಾಯಿತು. ಆಗ ಅಂಗೈಯಿಂದ ಎದ್ದಿತು ಘಮ, ಇಷ್ಟು ಹೊತ್ತು ಒಳಗೇ ಅವಿತುಕೊಂಡಿದ್ದ ಮಗುವಿನಂತೆ.

ಐದನೆಯ ದಿನ ಮೇಡಂ ಫೋನ್ ಮಾಡಿದರು. "ವಿಟಮಿನ್ ಚೆನ್ನಾಗಿ ಉಳಿದಿದೆ. ಸೋಮವಾರದಿಂದ ಕಳಿಸಿ."

ತಂಗಿ ಫೋನಿಟ್ಟು ಖಾಲಿ ಪೊಟ್ಟಣಗಳನ್ನು ಎಣಿಸತೊಡಗಿದಳು. ಅಣ್ಣ ಮೀಸೆ ತೀಡಿದ. "ಇದರಲ್ಲಿ ನಂದೂ ಪಾಲಿದೆ."

"ಇಲ್ದೆ ಏನು" ಎಂದಳು ಅಜ್ಜಿ. "ಹತ್ತು ಗಂಟೆ ಕೈ ಕಟ್ಕೊಂಡಿದ್ದೆ. ಹುಟ್ಟಿದಾಗಿಂದ ನೀನು ಮಾಡಿರೋದ್ರಲ್ಲಿ ದೊಡ್ಡ ಕೆಲಸ ಅದೇ."

ಈಗಲೂ ಆ ಮನೆಯಲ್ಲಿ ಅಜ್ಜಿಯ ಕನ್ನಡಕ ಹಾಸಿಗೆಯ ಮೇಲೋ ಅಕ್ಕಿ ಡಬ್ಬದ ಮೇಲೋ ಬಿದ್ದಿರುತ್ತದೆ. ಅದರ ಡಬ್ಬಿಯಲ್ಲಿ ಜಾಗವಿಲ್ಲ.