ಕೆಂಚನಿಗೊಂದು ಹೊಸ್ತಿಲು

"ಒಳಗ ತರಬ್ಯಾಡ ಅದನ್ನ! ಅಲ್ಲೇ ನಿಲ್ಲು!" ಎಂದು ಜಂಬವ್ವ ಕೈಯಲ್ಲಿದ್ದ ಒನಕೆಯನ್ನೇ ಅಡ್ಡ ಹಿಡಿದಳು.

ಕಂಪ್ಲಿಯಿಂದ ಹೊಸಪೇಟೆಯ ಚಿತ್ತವಾಡ್ಗಿಯವರೆಗೆ ಎರಡು ದಿನ ನಡೆದು ಬಂದಿದ್ದ ಭೀಮಮ್ಮ ಒಡಹುಟ್ಟಿದ ಅಕ್ಕನ ಅಂಗಳದ ಆಚೆಯೇ ನಿಂತಳು. ಅವಳು ಹಿಡಿದ ಹಗ್ಗದ ತುದಿಯಲ್ಲಿದ್ದ ಕೆಂದು ಬಣ್ಣದ ನಾಯಿ ಜಂಬವ್ವನನ್ನು ನೋಡಿ ಮೊಂಡುಬಾಲ ಆಡಿಸಿತು. ಒನಕೆಯನ್ನು ನೋಡಿಯೂ ಆಡಿಸಿತು.

"ಕಚ್ಚಂಗಿಲ್ಲ ಅಕ್ಕಾ. ಇದರ ಬಾಯಾಗ ಕೈ ಇಡ್ತೀನಿ, ನೋಡು."

"ನೀ ಇಡವಾ. ನಿನಗ ಹಿಂದಿಲ್ಲ ಮುಂದಿಲ್ಲ. ನನ್ನ ಮನ್ಯಾಗ ಮಕ್ಕಳು ಮರಿ ಅದಾವು."

ಅಂದಮೇಲೆ ಜಂಬವ್ವನಿಗೇ ನಾಲಿಗೆ ಕಹಿಯಾಯಿತು. ಗೋಡೆಯ ಮೇಲಿಂದ ಒಂದು ಚೆಂಬು ಅಂಬಲಿ ನೀಡಿದಳು. ಭೀಮಮ್ಮ ಅದರಲ್ಲಿ ಅರ್ಧವನ್ನು ಬೊಗಸೆಯಲ್ಲಿ ನಾಯಿಗೆ ಕುಡಿಸಿ, ಬಂದ ದಾರಿಯನ್ನೇ ಮತ್ತೆ ಹಿಡಿದಳು.

ನಾಯಿಯ ಹೆಸರು ಕೆಂಚ. ಕಂಪ್ಲಿಯ ಕೊಟ್ರಬಸಪ್ಪ ಸಾಹುಕಾರನ ಮನೆಯಲ್ಲಿ ಹುಟ್ಟಿ, ಅವನ ಆಲೆಮನೆಯ ಕಬ್ಬಿನ ಸಿಪ್ಪೆಯ ಮೇಲೆ ಮಲಗಿ ಬೆಳೆದದ್ದು. ಅದೇ ಆಲೆಮನೆಯಲ್ಲಿ ಭೀಮಮ್ಮನ ಗಂಡ ಎರ್ರಿಯಪ್ಪ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಒಂದು ದಿನ ಅವನ ಬೆರಳು ಉರುಳೆಗಳ ನಡುವೆ ಸಿಕ್ಕಿತು. ಎತ್ತು ನಿಲ್ಲಿಸಿರೆಂದು ಕೂಗಿದ. ಬಾರುಕೋಲು ಹಿಡಿದು ಎತ್ತು ಹೊಡೆಯುತ್ತಿದ್ದವನು ಸ್ವತಃ ಸಾಹುಕಾರ. ಬೆಲ್ಲದ ಕೊಪ್ಪರಿಗೆಗೆ ಕಬ್ಬಿನ ಹಾಲು ಸಾಲದೆಂಬ ಸಿಟ್ಟಿನಲ್ಲಿದ್ದವನು ನಿಲ್ಲಿಸುವ ಬದಲು ಇನ್ನೆರಡು ಬಾರಿಸಿದ. ಕೈ ಮೊಣಕೈವರೆಗೆ ಹೋಯಿತು. ಮೂರನೆಯ ದಿನ ಎರ್ರಿಯಪ್ಪ ಇದಿಷ್ಟನ್ನೂ ಹೆಂಡತಿಗೆ ಹೇಳಿ ಕಣ್ಣು ಮುಚ್ಚಿದ.

ಚಾವಡಿಯಲ್ಲಿ ಹಿರಿಯರ ಮುಂದೆ ಕೊಟ್ರಬಸಪ್ಪ ವಿಭೂತಿಯ ಗಟ್ಟಿ ಮುಟ್ಟಿ ಆಣೆ ಮಾಡಿದ. "ನಮ್ಮ ಕೆಂಚಗ ಹುಚ್ಚು ಹಿಡಿದಿತ್ತು. ಎತ್ತಿನ ಕಾಲಾಗ ನುಗ್ಗಿತು. ಎತ್ತು ಬೆದರಿ ಓಡಿದ್ವು. ನಂದೇನು ತಪ್ಪೈತ್ರಿ?"

ಆಡಿದ ಸುಳ್ಳಿಗೆ ಸಾಕ್ಷಿ ಬೇಕಲ್ಲ, ಹುಚ್ಚುನಾಯಿಯನ್ನು ಕೊಲ್ಲಿಸಿದನೆಂದು ಊರು ನಂಬಲೆಂದು ಅದನ್ನು ಹೊಡೆಸಿ ಗೋಣಿಚೀಲಕ್ಕೆ ತುಂಬಿಸಿ, ನಡುಹೊಳೆಯಲ್ಲಿ ಎಸೆದು ಬಾ ಎಂದು ಹರಿಗೋಲಿನ ಅಂಜಿನಯ್ಯನ ಕೈಗೆ ಕೊಡಿಸಿದ. ಅಂಜಿನಯ್ಯ ಅಂದು ಸಂಜೆ ಚೀಲವನ್ನು ಭೀಮಮ್ಮನ ಗುಡಿಸಲ ಮುಂದೆ ತಂದು ಬಿಚ್ಚಿದ.

"ಹರಿಗೋಲಿನ್ಯಾಗ ನಿಂತಿದ್ದ ನೀರು ಚೀಲದ ತೂತಿನ್ಯಾಗಿಂದ ನಾಲಿಗಿ ಚಾಚಿ ಕುಡೀತವ್ವಾ. ಹುಚ್ಚುನಾಯಿ ಎಲ್ಲ್ಯಾರ ನೀರು ಕುಡೀತೈತೇನು?"

ಕೆಂಚನ ಎಡಗಿವಿ ಸೀಳಿತ್ತು, ಸೊಂಟ ಬಾತಿತ್ತು. ಭೀಮಮ್ಮ ಅರಿಸಿನ, ಬೇವಿನೆಣ್ಣೆ ಹಚ್ಚಿದಳು. ಪ್ರೀತಿಯಿಂದ ಹಚ್ಚಿದಳೆಂದರೆ ಸುಳ್ಳಾದೀತು. ಕತ್ತಿ ಮಸೆಯುವವನು ಕತ್ತಿಯನ್ನು ಒರೆಸುವಂತೆ ಒರೆಸಿದಳು. ಗಾಯ ಮಾಯ್ದ ಮೇಲೆ, ಸಾಹುಕಾರ ತಲೆಗೆ ಸುತ್ತಿ ಬಿಸಾಕಿದ ಹಳೆಯ ಪಟಕವೊಂದನ್ನು ಎಲ್ಲಿಂದಲೋ ತಂದು, ಕೋಲಿಗೆ ಸುತ್ತಿ, "ಹಿಡೀ! ಹರೀ!" ಎಂದು ಹದಿನೈದು ದಿನ ಕಲಿಸಿದಳು. ಕೆಂಚ ಪಟಕವನ್ನು ಮೆಲ್ಲಗೆ ಎಳೆದುಕೊಂಡು, ತಲೆಯಡಿ ಇಟ್ಟುಕೊಂಡು, ನಿದ್ದೆ ಮಾಡಿತು.

"ಥೂ ನಿನ್ನ! ನೀನೂ ಒಂದು ನಾಯೇನಲೇ?" ಎಂದು ಅವಳು ಅತ್ತಳು. ಅದು ಅವಳ ಮೊಣಕಾಲಿನ ಮೇಲೆ ಮೂತಿ ಇಟ್ಟಿತು.

ಹುಚ್ಚುನಾಯಿ ಹತ್ತು ದಿನದ ಮೇಲೆ ಬದುಕುವುದಿಲ್ಲವೆಂಬುದು ಊರಿಗೆಲ್ಲ ಗೊತ್ತು. ಎರಡು ತಿಂಗಳು ಕಳೆದ ಮೇಲೆ ಅವಳು ಕೆಂಚನನ್ನು ಗೌಡ ಉಜ್ಜಿನಪ್ಪನ ಮುಂದೆ ನಿಲ್ಲಿಸಿ, ಆಣೆ ಸುಳ್ಳೆಂದಳು. ಗೌಡ ನಕ್ಕ.

"ಕೆಂದ ನಾಯಿ ಊರ ತುಂಬ ಅದಾವು. ಅದೇ ಇದು ಅಂತ ಯಾರು ಹೇಳ್ಬೇಕು? ಒಂದು ಕೆಲಸ ಮಾಡು. ಮಕ್ಕಳು ಮುದುಕರಿರೋ ಒಂದು ಮನಿಯವರು ಇದನ್ನ ಕೆಂಚ ಅಂತ ಗುರುತು ಹಿಡಿದು ಒಳಗ ಕರ್ಕೊಳ್ಳಿ. ಆವಾಗ ಸಾಹುಕಾರನ್ನ ಮತ್ತ ಚಾವಡಿಗೆ ಕರೆಸ್ತೀನಿ. ನಿನ್ನ ಮನಿ ಬ್ಯಾಡ. ನೀ ಸಿಟ್ಟಿನ್ಯಾಗ ಹುಲೀನೂ ಸಾಕ್ತಿ."

ಅಂದಿನಿಂದ ಅವಳು ಬಾಗಿಲು ಬಾಗಿಲು ಅಲೆದಳು. ರಾಮಸಾಗರದ ರೈತನೊಬ್ಬ ಕೆಂಚನ ಬೆನ್ನು ಸವರಿ, "ನಾಯೇನೋ ಮಸ್ತ್ ಐತಿ ಬೇ. ಆದ್ರ ನಾಳೆ ನನ್ನ ಕಬ್ಬು ಯಾರ ಗಾಣಕ್ಕ ಒಯ್ಯಲಿ?" ಎಂದ. ಅಂಜಿನಯ್ಯನಿಗೂ ಸಾಹುಕಾರನ ಮೂಟೆ ಸಾಗಿಸದೆ ಹೊಟ್ಟೆ ತುಂಬದು. ಉಳಿದವರು ಕಲ್ಲು ತೋರಿಸಿದರು. ಕಡೆಗೆ, ಕಂಪ್ಲಿಗೆ ಬಂದಾಗಲೆಲ್ಲ ಕೆಂಚನನ್ನು ಕಂಡಿದ್ದ ಅಕ್ಕ ಒನಕೆ ತೋರಿಸಿದಳು.

ಚಿತ್ತವಾಡ್ಗಿಯಿಂದ ಮರಳುವಾಗ ಭೀಮಮ್ಮನ ತಲೆಯಲ್ಲಿ ಕೇಳದೆ ಉಳಿದ ಬಾಗಿಲು ಒಂದೇ ಇತ್ತು.

ಕಂಪ್ಲಿ ಮುಟ್ಟಿದಾಗ ನಡುಮಧ್ಯಾಹ್ನ. ಕೊಟ್ರಬಸಪ್ಪನ ಮನೆಯ ಕಟ್ಟೆಯ ಮೇಲೆ ಗೌಡ ಉಜ್ಜಿನಪ್ಪ ನಾಲ್ವರೊಂದಿಗೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಬಾಗಿಲ ಬದಿಯಲ್ಲಿ ಸಾಹುಕಾರನ ತಾಯಿ ಮರುಳಸಿದ್ದಮ್ಮ ಶೇಂಗಾ ಸುಲಿಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದ ಮುದುಕಿ. ಭೀಮಮ್ಮ ಬೀದಿಯಲ್ಲೇ ನಿಂತು ಹಗ್ಗ ಬಿಚ್ಚಿದಳು.

ಕೆಂಚ ಕಟ್ಟೆ ಹತ್ತಿ ಮುದುಕಿಯ ಮಡಿಲಿಗೆ ತಲೆ ತುರುಕಿತು. ಗಂಡಸರು ಕಾಲು ಮೇಲೆತ್ತಿಕೊಂಡರು. ಮುದುಕಿಯ ಬೆರಳು ನಾಯಿಯ ಹಣೆಯಿಂದ ಸೀಳಿದ ಕಿವಿಗೆ, ಅಲ್ಲಿಂದ ಮೊಂಡುಬಾಲಕ್ಕೆ ಹರಿಯಿತು.

"ಕೆಂಚಾ! ಸತ್ತೀ ಅಂದ್ರಲ್ಲೋ ನನ ಮಗನ! ಎಲ್ಲಿ ಹೋಗಿದ್ದಿ? ಕಿವಿ ಯಾರು ಹರದ್ರೋ?"

ತಡಕಾಡುತ್ತ ಎದ್ದು, ಒಳಗಿನಿಂದ ಜೋಳದ ರೊಟ್ಟಿ ತಂದು ಹೊಸ್ತಿಲ ಮೇಲೆ ಹಾಕಿದಳು. ಕೆಂಚ ಅಡ್ಡಲಾಗಿ ಮಲಗಿ ತಿನ್ನತೊಡಗಿತು. ಉಜ್ಜಿನಪ್ಪನ ದವಡೆ ಆಡುವುದನ್ನು ನಿಲ್ಲಿಸಿತ್ತು.

ಅಷ್ಟರಲ್ಲಿ ಉಂಡು ಕೈ ತೊಳೆದ ಕೊಟ್ರಬಸಪ್ಪ ತೇಗುತ್ತ ಬಂದ. ಹೊಸ್ತಿಲಿಗೆ ಅಡ್ಡ ಮಲಗಿದ್ದನ್ನು ಬರಿಗಾಲಿನಿಂದ ತಳ್ಳಿ, "ಸರಿಯಲೇ ಕೆಂಚಾ" ಎಂದು ದಾಟಿದ. ದಾಟಿದ ಮೇಲೆ ತಾನು ಮಾಡಿದ ಆಣೆ ನೆನಪಾಯಿತು. ಕಾಲು ಅಲ್ಲೇ ನಿಂತಿತು.

ಕೆಂಚ ಆ ಕಾಲನ್ನು ನೆಕ್ಕಿತು.

"ಗೌಡ್ರ," ಎಂದಳು ಭೀಮಮ್ಮ, "ಒಂದು ಮನಿ ಸಿಕ್ತು."

ಉಜ್ಜಿನಪ್ಪ ಎದ್ದು ಬೀದಿಗೆ ಉಗುಳಿದ. "ನಾಳೆ ಮುಂಜಾನೆ ಚಾವಡಿಗೆ ಬಾ ಕೊಟ್ರಬಸಪ್ಪ. ಆ ವಿಭೂತಿ ಗಟ್ಟಿ ತಗೊಂಡು ಬಾ. ಅಲ್ಲೀತನಕ ನಾಯಿಗೆ ಏನರ ಆತಂದ್ರ..."

"ಏನಾಗ್ತೈತಿ?" ಎಂದಳು ಮುದುಕಿ. "ನನ್ನ ಹಾಸಿಗಿ ಬಾಜೂಕ ಮಲಗ್ತೈತಿ."

ಸಾಹುಕಾರನ ಮುಖ ಬೂದಿಯಾಗಿತ್ತು. ನಾಯಿಯ ಪಕ್ಕೆಗೆ ಒದೆಯಲೆಂದು ಕಾಲು ಎತ್ತಿದ.

"ಒದೀರಿ ಸಾವ್ಕಾರ್ರ," ಎಂದಳು ಭೀಮಮ್ಮ. "ಎಲ್ಲಾರೂ ನೋಡಾಕತ್ತಾರ."

ಕಾಲು ಕೆಳಗಿಳಿಯಿತು. ಅದನ್ನು ನೋಡಲೆಂದೇ ಅವಳು ಇಷ್ಟು ದಿನ ಬದುಕಿದ್ದಳು. ಕಣ್ತುಂಬ ನೋಡಿ, ಖಾಲಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಹೊರಟಳು.

ಬೀದಿಯ ತಿರುವಿನಲ್ಲಿ ಹಿಂದೆ ಉಗುರಿನ ಸಪ್ಪಳ ಕೇಳಿಸಿತು. ರೊಟ್ಟಿಯ ಚೂರು ಬಾಯಲ್ಲಿ ಕಚ್ಚಿಕೊಂಡು ಕೆಂಚ ಬೆನ್ನು ಹತ್ತಿತ್ತು. ಅದನ್ನು ಅವಳ ಕಾಲ ಬಳಿ ಇಟ್ಟು ಮುಖ ನೋಡಿತು.

"ಹೋಗು. ಅದೇ ನಿನ್ನ ಮನಿ."

ಅದು ಬಾಲ ಆಡಿಸಿತು. ನಾಳೆ ಚಾವಡಿ ಕೂಡುವವರೆಗೆ ಅದು ಆ ಹೊಸ್ತಿಲಲ್ಲೇ ಇರಬೇಕಿತ್ತು. ಆಮೇಲೂ ಆ ಮನುಷ್ಯನ ಕಾಲಿಗೆ ದಿನವೂ ಅಡ್ಡ ಬರಬೇಕಿತ್ತು. ಭೀಮಮ್ಮ ಬಗ್ಗಿ ಕಲ್ಲು ಆರಿಸಿದಳು. ತಾಗದ ಹಾಗೆ ಎಸೆದಳು. ಕೆಂಚ ಕದಲಲಿಲ್ಲ.

ಎರಡನೆಯದನ್ನು ತಾಗುವ ಹಾಗೆ ಎಸೆದಳು.