ಹಳದಿ ಗೆರೆ

ಅಂಗಡಿಯ ಮೇಜಿನ ಮೇಲೆ ಹಾಸಿದ ಹಳೆಯ ಪತ್ರಿಕೆಯ ನಡುವೆ ಒಂದು ಎಲ್ಬೋ ಕುಳಿತಿತ್ತು. ಕೊಳವೆಯನ್ನು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತಿರುಗಿಸುವ ಉಕ್ಕಿನ ಬಾಗು. ಅದರ ಹೊರಮೈ ಉಬ್ಬಿ, ಉಬ್ಬಿದಲ್ಲಿ ಸೀಳಿ, ಸೀಳಿನ ಅಂಚು ಒಣಗಿದ ತುಟಿಯಂತೆ ಹೊರಚಾಚಿತ್ತು. ಮಧ್ಯಾಹ್ನದ ಬಿಸಿಲು ಗಾಜಿನ ಬಾಗಿಲನ್ನು ದಾಟಿ ಬಂದು ಆ ಸೀಳಿನೊಳಗೂ ತುಸು ಇಳಿದಿತ್ತು. ಮೂವರು ಅದನ್ನು ನೋಡುತ್ತಿದ್ದರು. ಯಾರೂ ಮುಟ್ಟಿರಲಿಲ್ಲ.

ತಂದವಳು ರಾಫಿಯಾ. ಗುರುವಾಯನಕೆರೆಯ ಆಚೆಗಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅವಳ ಗಂಡ ಶರೀಫ್, ಮಳೆ ಸುರಿಯುವ ಆಟಿ ತಿಂಗಳಲ್ಲಿ ಇದು ಒಡೆದು ನುಗ್ಗಿದ ಆವಿಗೆ ಸಿಕ್ಕಿ ತೀರಿಕೊಂಡಿದ್ದ. ಅವನು ನಿದ್ದೆಹೋಗಿ ಉರಿ ಏರಗೊಟ್ಟ ಎಂದು ಕಾರ್ಖಾನೆಯವರು ಹೇಳಿ ಮುಗಿಸಿದ್ದರು.

“ಮನೆಯಲ್ಲಿ ಫ್ಯಾನಿನ ಅಡಿಯಲ್ಲೇ ನಿದ್ದೆ ಬಾರದ ಮನುಷ್ಯ,” ಎಂದಳು ರಾಫಿಯಾ. “ಬಾಯ್ಲರಿನ ಎದುರು ಮಲಗ್ತಾರಾ? ಮಗಳನ್ನು ಶಾಲೆಯಲ್ಲಿ ನಿದ್ದೆಬಡಕನ ಮಗಳು ಅಂತಾರೆ. ಸಾಮಾನು ನಿಮ್ಮ ಅಂಗಡಿಯದ್ದೇ. ನೋಡಿ ಹೇಳಿ ಅಣ್ಣ, ಬೇರೆ ಏನೂ ಬೇಡ.”

ಮೆಲ್ಕಾರಿನ ಈ ಅಂಗಡಿಯಲ್ಲಿ ಶ್ರೀಕೃಷ್ಣ ಇವನ್ನೇ ಮಾರುತ್ತ ಮುದುಕನಾಗಿದ್ದ: ಕೊಳವೆಯನ್ನು ಕವಲೊಡೆಸುವ ಟೀ, ಕಿರಿದಾಗಿಸುವ ರೆಡ್ಯೂಸರ್, ತುದಿ ಮುಚ್ಚುವ ಕ್ಯಾಪ್. ಸಾಮಾನ್ಯ ಉಕ್ಕಿನವು ಒಂದು ಬಗೆ. ಸುಡುಸುಡುವ ಆವಿಗೆಂದೇ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಮಿಶ್ರಲೋಹದವು ಇನ್ನೊಂದು. ನೋಟಕ್ಕೆ ಅವಳಿಗಳು. ಆ ಬಿಸಿಯಲ್ಲಿ ಸಾಮಾನ್ಯ ಉಕ್ಕು ತಿಂಗಳುಗಟ್ಟಲೆ ಸುಮ್ಮನೆ ತಾಳಿಕೊಂಡು, ಒಳಗೊಳಗೇ ಸೋತು, ಒಂದು ದಿನ ಬಿರಿಯುತ್ತದೆ. ಅದಕ್ಕೇ ಮಿಶ್ರಲೋಹದವಕ್ಕೆ ಹಳದಿ ಗೆರೆ ಎಳೆಯುವುದು ಅಂಗಡಿಯ ಪದ್ಧತಿ.

ಕಳೆದ ಆಯುಧಪೂಜೆಗೆ ಹೆಂಡತಿ ವಾರಿಜಾಕ್ಷಿ ಕಪಾಟು ಖಾಲಿ ಮಾಡಿ, ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದಳು. ಹಳದಿ ಗೆರೆಗಳೂ ಅದರಡಿ ಮುಚ್ಚಿಹೋಗಿದ್ದವು. “ದೇವರೆದುರು ಕೊಳಕು ಇಡುವುದಾ?” ಎಂದಿದ್ದಳು. ಕುಂಕುಮವಿಟ್ಟ ಆ ಸಾಲು ಕಂಡು ಅವನ ಮನಸ್ಸೂ ತುಂಬಿತ್ತು. ಮತ್ತೆ ಗೆರೆ ಎಳೆಯುವಾಗ, ಬಣ್ಣ ಕೆರೆದು ಲೋಹದ ಬಗೆ ತಿಳಿಸುವ ಅಚ್ಚು ಓದದೆ, ಅವಳು ಜೋಡಿಸಿದ ಸಾಲನ್ನೇ ನಂಬಿಬಿಟ್ಟಿದ್ದ.

ಈಗ ಅವನು ಅರ ತೆಗೆದುಕೊಂಡು ಎಲ್ಬೋದ ಮೈ ಉಜ್ಜಿದ. ಸುಟ್ಟ ಪೊರೆ ಉದುರಿತು. ಅಡಿಯಲ್ಲಿದ್ದ ಅಚ್ಚು ಸಾಮಾನ್ಯ ಉಕ್ಕಿನದು.

“ಶರೀಫ್ ಮಲಗಿರಲಿಲ್ಲಮ್ಮ,” ಎಂದ. “ಇದು ಆ ಬಿಸಿಗೆ ಆಗುವಂಥದ್ದಲ್ಲ. ತಪ್ಪು ಸಾಮಾನು ಕೊಟ್ಟವ ನಾನು. ಕಾರ್ಖಾನೆಗೆ ಬಂದು ಹೇಳ್ತೇನೆ.”

“ಹೇಗೆ ತಪ್ಪಿತು?”

“ನನ್ನ ಅಜಾಗ್ರತೆ.”

ವಾರಿಜಾಕ್ಷಿಯ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಅವಳು ಕಪಾಟಿನತ್ತ ನೋಡಿದಳು, ಆಮೇಲೆ ಗಂಡನತ್ತ. ಅವನು ಅರ ಒರೆಸುತ್ತಿದ್ದ.

ರಾಫಿಯಾ ಎಲ್ಬೋವನ್ನು ಎಳೆಗೂಸಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡಳು. “ಕಾರ್ಖಾನೆಗೆ ಆಮೇಲೆ ಹೋಗುವ. ಮೊದಲು ಮಗಳಿಗೆ ಹೇಳಿ,” ಎಂದು ಹೊರಗೆ ಬಸ್ಸಿಗೆ ಕಾಯಲು ಹೋದಳು.

“ನೀವು ಪೂರ್ತಿ ಹೇಳಲಿಲ್ಲ,” ಎಂದಳು ವಾರಿಜಾಕ್ಷಿ.

“ಹೇಳಿ ಏನುಂಟು? ಓದದೆ ಕೊಟ್ಟವ ನಾನೇ ಅಲ್ವಾ.”

“ಬಣ್ಣ ಬಳಿದ ಕೈ ಯಾರದ್ದೂಂತ ಅವಳಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ನಾನು ಆ ಮಗುವಿನ ಮುಖ ಹೇಗೆ ನೋಡಲಿ?”

“ನಿನ್ನನ್ನು ಶಪಿಸಿಯಾಳು.”

“ಶಪಿಸಲಿ. ನಿಮ್ಮೊಬ್ಬರಿಗೇ ಯಾಕೆ?”

ಅವಳು ಲೋಟವನ್ನು ಪತ್ರಿಕೆಯ ಮೇಲೆ, ಎಲ್ಬೋ ಇದ್ದ ಜಾಗದಲ್ಲೇ ಇಟ್ಟು, ಚಪ್ಪಲಿ ಮೆಟ್ಟಿ ನಡೆದಳು. ಗಾಜಿನ ಬಾಗಿಲು ಅವಳ ಬೆನ್ನ ಹಿಂದೆ ಮೆಲ್ಲಗೆ ಬಂದು ಮುಚ್ಚಿಕೊಂಡಿತು.