ಮೊಳಕ್ಕೊಂದು ಬೆರಳಿನ ಲಾರಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಓಣಿಯವರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಸಿಟ್ಟಿಗಿಂತ ಕೆಟ್ಟದ್ದು ನನ್ನ ಅನುಮಾನ. ಸಿಟ್ಟು ಬಂದಷ್ಟೇ ಬೇಗ ಹೋಗುತ್ತದೆ, ಅನುಮಾನ ಬಂತೆಂದರೆ ಬೇಡದ ನೆಂಟನ ಹಾಗೆ ಚಾಪೆ ಹಾಸಿಕೊಂಡು ಕೂತುಬಿಡುತ್ತದೆ. ನಲವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ನೆಂಟನ ಮಾತು ಕೇಳಿ ನಾನು ಕಟ್ಟಿಕೊಂಡ ಗಂಡನನ್ನು ಜೇಲಿನ ಬಾಗಿಲಿನ ತನಕ ನೂಕಿದೆ.

ನನ್ನ ಗಂಡ ಬಡಿಗ. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು, ರಾಜ್ಯ ನಿಜಾಮರದು. ಕೋಟೆಯ ಕೆಳಗಿನ ಓಣಿಯಲ್ಲಿ ಬಂಡಿಯ ಗಾಲಿ ಮಾಡುತ್ತಿದ್ದರು. ಹೆಸರು ಅಮೋಘಸಿದ್ದಪ್ಪ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು, ಗೊತ್ತು. ಆದರೆ ಆ ಕಟ್ಟನ್ನು ನಾನು ಒಮ್ಮೆ ಮುರಿದಾಗಿದೆ, ಇನ್ನೇನು ಅಡ್ಡಿ?

ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ಸಲ ಬಸುರಾದೆ, ಎರಡು ಸಲವೂ ಉಳಿಯಲಿಲ್ಲ. ಮೋರಖಂಡಿಯ ನನ್ನ ನಾದಿನಿ ಧೂಳಮ್ಮ ಬಂದಾಗಲೆಲ್ಲ, ಇನ್ನೊಬ್ಬಳನ್ನು ಮಾಡಿಕೊಳ್ಳಲು ನೀನೇ ಅಣ್ಣನಿಗೆ ಹೇಳಬೇಕು ಎಂದು ನನ್ನ ತಲೆ ತಿನ್ನುತ್ತಿದ್ದಳು. ನಾನು ಹೇಳಲಿಲ್ಲ. ಅವಳು ನೇರ ಅಣ್ಣನಿಗೇ ಹೇಳಿರಬಹುದು, ಅಣ್ಣ ಗುಟ್ಟಾಗಿ ಒಪ್ಪಿಕೊಂಡಿರಬಹುದು ಎಂಬ ಹುಳ ಮಾತ್ರ ನನ್ನ ತಲೆಗೆ ಹೊಕ್ಕಿತು.

ಹುಮನಾಬಾದಿನ ಧಾನ್ಯದ ಗಂಜ್ ಮಾರುಕಟ್ಟೆಗೆ ಬರುವ ಬಂಡಿಗಳಿಗೆ ಗಾಲಿ ಒಪ್ಪಿಸಲು ಅವರು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಪಕ್ಕದ ಮನೆಯ ಯುನೂಸ್‌ನ ಬಂಡಿಯಲ್ಲಿ ಬೇಸ್ತವಾರ ಹೋಗಿ ಶುಕ್ರವಾರ ಬರುವುದು. ಉಗಾದಿ ಆದ ಮೇಲೆ ಪ್ರತಿ ಬೇಸ್ತವಾರವೂ ಹೊರಡತೊಡಗಿದರು, ಒಪ್ಪಿಸಲು ಗಾಲಿ ಇರಲಿ, ಇಲ್ಲದಿರಲಿ. ಬರುವಾಗ ಮೊಣಕಾಲಿಗೆ ಮಣ್ಣು, ಹೆಗಲಿಗೆ ಎಣ್ಣೆಯ ಕಲೆ. ನಾನು ಕಟ್ಟಿಕೊಟ್ಟ ರೊಟ್ಟಿ ಅರ್ಧಕ್ಕರ್ಧ ವಾಪಸು. ಮನೆಗೆ ಬಂದವರು ಮಧ್ಯಾಹ್ನ ಅಟ್ಟ ಹತ್ತುತ್ತಿದ್ದರು, ಹತ್ತಿದ ಮೇಲೆ ಏಣಿಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಯಾವ ಗಂಡಸು ತನ್ನ ಮನೆಯಲ್ಲೇ ಏಣಿ ಎಳೆದುಕೊಂಡು ಕೂಡುತ್ತಾನೆ ಹೇಳಿ? ಏನು ಮಾಡುತ್ತೀರಿ ಎಂದರೆ, ಏನೂ ಇಲ್ಲ ಎನ್ನುತ್ತಿದ್ದರು.

ಯುನೂಸ್‌ನ ಹೆಂಡತಿ ಹಜಿರಾ ಬೀ ಒಳ್ಳೆಯವಳು, ಚಾಡಿ ಹೇಳುವವಳಲ್ಲ. ಅವಳು ಒಂದು ದಿನ ಜೋಳ ಕೇರುತ್ತ, ನಿನ್ನ ಗಂಡ ಹುಮನಾಬಾದಿನಲ್ಲಿ ಬಳೆಗಾರ್ತಿಯ ಬುಟ್ಟಿಯ ಮುಂದೆ ಕೂತಿದ್ದನಂತೆ, ನಿನಗೆ ಬಳೆ ತಂದನೇನು ಎಂದು ಸುಮ್ಮನೆ ಕೇಳಿದಳು. ನಾನು ಹೂಂ ಎಂದೆ. ನನ್ನ ಕೈಯಲ್ಲಿದ್ದದ್ದು ಹೋದ ವರ್ಷದ ಹಸಿರು ಬಳೆ.

ಮುಂದಿನ ಬೇಸ್ತವಾರ ಬಂಡಿ ಓಣಿ ದಾಟಿದ್ದೇ ತಡ, ಏಣಿ ಹಚ್ಚಿ ಅಟ್ಟ ಹತ್ತಿದೆ. ಗೋಣಿತಟ್ಟಿನ ಅಡಿಯಲ್ಲಿ ಒಂದು ಲಾರಿ ಇತ್ತು. ಸಣ್ಣದು, ಒಂದು ಗೇಣು ಉದ್ದ. ಏನೆಂದು ಹೇಳಲಿ, ಅಷ್ಟು ಚಂದ. ಮೈಯೆಲ್ಲ ಸಾಗವಾನಿ. ಮೂತಿ ಮಾತ್ರ ಘಾಸಲೇಟ್ ಎಣ್ಣೆ ಡಬ್ಬಿಯ ತಗಡು. ಬೆರಳಿನಿಂದ ಎಳೆದರೆ ಬಾಗಿಲು ತೆರೆಯುತ್ತಿತ್ತು, ಒಳಗಿನ ಚಕ್ರ ತಿರುವಿದರೆ ಮುಂದಿನ ಗಾಲಿಗಳು ಹೊರಳುತ್ತಿದ್ದವು. ಲಾರಿಯ ಪಕ್ಕದ ಹಲಗೆಗೆ ಮದುವೆಯ ಬಂಡಿಗೆ ಕೊರೆಯುವಂಥ ಬಳ್ಳಿ ಕೊರೆದಿದ್ದರು. ಹಿಂದುಗಡೆ ದೀಪದ ಜಾಗದಲ್ಲಿ ಎರಡು ಬಳೆಚೂರು ಕೂಡಿಸಿದ್ದರು. ಕೆಂಪು ಬಳೆಚೂರು.

ಮಕ್ಕಳಿಲ್ಲದ ಗಂಡಸು ಇಂಥದನ್ನು ಯಾರಿಗಾಗಿ ಮಾಡುತ್ತಾನೆ? ನನಗೆ ಎಲ್ಲ ತಿಳಿದುಹೋಯಿತು. ಹುಮನಾಬಾದಿನಲ್ಲಿ ಒಬ್ಬಳಿದ್ದಾಳೆ, ಕೆಂಪು ಬಳೆ ತೊಡುತ್ತಾಳೆ. ಅವಳಿಗೊಂದು ಗಂಡು ಕೂಸಿದೆ, ಮೂರು ವರ್ಷದ್ದು. ಆ ಕೂಸಿನ ಮುಖವೂ ನನಗೆ ಕಂಡಿತು ನೋಡಿ, ಅವರದೇ ಅಗಲ ಹಣೆ. ಲಾರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಿದೆ, ಬಚ್ಚಲ ಹಂಡೆಯ ಒಲೆಗೆ ತುರುಕಿದೆ. ಸಾಗವಾನಿ ಚೆನ್ನಾಗಿ ಉರಿಯಿತು. ಆ ನೀರಲ್ಲೇ ತಲೆಯ ಮೇಲಿಂದ ಸ್ನಾನ ಮಾಡಿದೆ.

ಶುಕ್ರವಾರ ಅವರು ಬರಲಿಲ್ಲ. ಬೆಳಿಗ್ಗೆಯೇ ಬಂದವನು ಹುಮನಾಬಾದಿನ ಪೊಲೀಸ್ ನಾಕಾದ ಜವಾನ ಮಹೆಬೂಬ. ಸೈಕಲ್ಲನ್ನು ಗೋಡೆಗೆ ಆನಿಸಿ, ನಿನ್ನ ಗಂಡ ಮಾಡಿದ ಸಣ್ಣ ಲಾರಿ ಅಟ್ಟದ ಮೇಲಿದೆಯಂತೆ, ಕೊಡು ಎಂದ.

ಆ ವರ್ಷ ಹೇಗಿತ್ತೆಂದು ಈಗಿನವರಿಗೆ ಗೊತ್ತಿಲ್ಲ. ನಿಜಾಮರ ಕಡೆಯವರಿಗೂ, ರಾಜ್ಯ ಹಿಂದುಸ್ತಾನಕ್ಕೆ ಸೇರಲಿ ಎನ್ನುವವರಿಗೂ ಜಗಳ ಹತ್ತಿತ್ತು. ಒಂದು ದಿನ ಈ ಕಡೆಯವರು ಬಂದು ಆ ಕಡೆಯವರನ್ನು ಅಡಗಿಸಿದ್ದೀರಾ ಎನ್ನುತ್ತಿದ್ದರು, ಮರುದಿನ ಆ ಕಡೆಯವರು ಬಂದು ಈ ಕಡೆಯವರಿಗೆ ಕಾಳು ಕೊಟ್ಟಿರಾ ಎನ್ನುತ್ತಿದ್ದರು. ಬಾಗಿಲು ಬಡಿದವರು ಯಾರೇ ಆಗಲಿ, ಏನೇ ಕೇಳಲಿ, ನಮ್ಮ ಓಣಿಯ ಹೆಂಗಸರದು ಒಂದೇ ಉತ್ತರ. ಹಿಂದೂ ಮನೆ, ಮುಸಲ್ಮಾನರ ಮನೆ ಎಂಬ ಭೇದವಿರಲಿಲ್ಲ. ನನ್ನ ಬಾಯಿಗೂ ಅದೇ ಬಂತು.

“ಏನೂ ಇಲ್ರಿ. ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ಲ.”

ಅವನು ಅಟ್ಟ ಹತ್ತಿ ನೋಡಿ, ಒಂದಿಷ್ಟು ಕಟ್ಟಿಗೆಯ ಸಿಪ್ಪೆ ಕಾಲಲ್ಲಿ ಸರಿಸಿ ಇಳಿದು ಹೋದ. ನಾನು ಏನು ಯೋಚಿಸಿದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆ ಹೆಂಗಸಿಗೆ ನಾಕಾದವರ ತನಕ ಕೈ ಇದೆಯಲ್ಲ, ಕೂಸಿನ ಆಟಿಕೆಗೆ ಜವಾನನನ್ನೇ ಅಟ್ಟಿದಳಲ್ಲ ಎಂದುಕೊಂಡೆ.

ಹೊತ್ತು ಮುಳುಗುವಾಗ ಯುನೂಸ್ ಒಬ್ಬನೇ ಬಂದ. ನಡೆದದ್ದನ್ನು ಬಾಗಿಲಲ್ಲೇ ನಿಂತು ಹೇಳಿದ. ನಾಕಾದ ಮುಂದೆ ನಿಲ್ಲುವ ಸರಕಾರಿ ಲಾರಿಯ ಕೆಳಗೆ ಮಲಗಿದ್ದಾಗ ಇವರನ್ನು ಕಾಲು ಹಿಡಿದು ಹೊರಗೆಳೆದರಂತೆ. ಕಿಸೆಯಲ್ಲಿ ಗಂಟು ಗಂಟಾದ ಹುರಿ ಸಿಕ್ಕಿತಂತೆ. ನನ್ನ ಗಂಡನಿಗೆ ಓದು ಬರಹವಿಲ್ಲ, ಗಾಲಿಯ ಅಳತೆಯನ್ನು ಯಾವಾಗಲೂ ಹುರಿಯಲ್ಲೇ ಕಟ್ಟಿಕೊಳ್ಳುವುದು: ಉದ್ದಕ್ಕೆ ಒಂಟಿ ಗಂಟು, ಅಗಲಕ್ಕೆ ಜೋಡಿ ಗಂಟು. ನಾಕಾದ ಮೇಲಧಿಕಾರಿ, ಅಮೀನ ಜಹೀರುದ್ದೀನ್ ಸಾಹೇಬರು ಅದನ್ನು ನೋಡಿ, ಒಂಟಿ ಗಂಟೆಂದರೆ ಖಾಲಿ ಲಾರಿ, ಜೋಡಿ ಗಂಟೆಂದರೆ ಬಂದೂಕು ತುಂಬಿದ ಲಾರಿ, ಇವನು ಜಾಸೂಸ್, ಎಣಿಸಿ ಗಡಿಯಾಚೆಗೆ ಖಬರು ಕೊಡುತ್ತಾನೆ ಎಂದರಂತೆ. ಇವರು ಅಲ್ಲ ಎಂದು ಹುರಿಯನ್ನು ಲಾರಿಗೆ ಹಿಡಿದು ತೋರಿಸಿದರಂತೆ. ಗಾಲಿಯಿಂದ ಗಾಲಿಗೆ, ಮೂತಿಯಿಂದ ಬಾಲಕ್ಕೆ, ಗಂಟಿಗೆ ಗಂಟು ಹೊಂದಿತು. ಹೊಂದಿದ್ದೇ ಇನ್ನೂ ಕೆಟ್ಟದ್ದಾಯಿತು. ಸರಕಾರದ ಲಾರಿಯ ಹೊಟ್ಟೆಯ ಕೆಳಗೆ ಏನು ಕಟ್ಟಲು ಅಳತೆ ತೆಗೆದೆ ಎಂದು ಹಿಡಿದುಕೊಂಡರು.

ಆಗ ಇವರು ನಿಜ ಹೇಳಿದರಂತೆ. ಲಾರಿ ನೋಡಿ ಮನಸ್ಸಾಯಿತು, ಅದರಂಥದೇ ಒಂದನ್ನು ಮಾಡುತ್ತಿದ್ದೇನೆ, ದೊಡ್ಡದರ ಒಂದು ಮೊಳಕ್ಕೆ ಸಣ್ಣದರಲ್ಲಿ ಒಂದು ಬೆರಳು, ನೋಡಬೇಕೆಂದರೆ ನನ್ನ ಅಟ್ಟದ ಮೇಲಿದೆ, ನನ್ನ ಹೆಂಡತಿ ತೋರಿಸುತ್ತಾಳೆ. ಬೇರೇನೂ ಬೇಡ, ಅದನ್ನೊಂದು ತರಿಸಿ ನೋಡಿ ಎಂದು ಕಾಲು ಹಿಡಿದರಂತೆ.

“ಹೆಣ್ತಿನೇ ಇಲ್ಲ ಅಂದ್ಳು ಅಂತ ಮಹೆಬೂಬ ಬಂದು ಹೇಳ್ದ,” ಎಂದು ಯುನೂಸ್ ನೆಲ ನೋಡುತ್ತ ಅಂದ. “ನಾಳೆ ಮಧ್ಯಾಹ್ನ ಬೀದರಿನ ಜೇಲಿಗೆ ಕಳಸ್ತಾರ. ಅಲ್ಲಿಗೆ ಹೋದವ್ರು ಯಾವಾಗ ಬರ್ತಾರ ಅಂತ ಯಾರಿಗೂ ಗೊತ್ತಿಲ್ಲ.”

ಸುಟ್ಟೆ ಎಂದು ಯುನೂಸ್‌ಗೆ ಹೇಳಲೂ ಬಾಯಿ ಬರಲಿಲ್ಲ. ಅವನು ಹೋದ ಮೇಲೆ ತಿಪ್ಪೆಗೆ ಓಡಿ, ಹಿಂದಿನ ದಿನ ಚೆಲ್ಲಿದ ಬೂದಿಯನ್ನು ಎರಡೂ ಕೈಯಿಂದ ಕೆದಕಿದೆ. ಸಿಕ್ಕಿದ್ದು ಕಪ್ಪಾದ ತಗಡಿನ ಮೂತಿ, ಗಾಲಿಗೆ ಹಾಕಿದ್ದ ಎರಡು ಕಬ್ಬಿಣದ ಕಡ್ಡಿ. ಹಜಿರಾ ಬೀ ಬಂದು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತಾನೂ ಕೆದಕಿದಳು. ಏನು ಹುಡುಕುತ್ತಿದ್ದೀ ಎಂದು ಆಮೇಲೆ ಕೇಳಿದಳು.

ನಸುಕಿನಲ್ಲೇ ಯುನೂಸ್‌ನ ಬಂಡಿ ಹತ್ತಿ ಹುಮನಾಬಾದ್ ಮುಟ್ಟುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ನಾಕಾದ ಅಂಗಳದಲ್ಲಿ ಆ ಲಾರಿ ನಿಂತಿತ್ತು. ನಾನು ಸುಟ್ಟದ್ದರ ದೊಡ್ಡಣ್ಣ. ಬಳ್ಳಿ ಮಾತ್ರ ಇರಲಿಲ್ಲ. ಬಳ್ಳಿ ಇವರ ಸ್ವಂತ ಕೈಯದು. ಇವರು ಕಂಬಕ್ಕೆ ಒರಗಿ ಕೂತಿದ್ದರು, ಕೈಗೆ ಹಗ್ಗ. ನನ್ನನ್ನು ನೋಡಿ ಮೊದಲು ಮುಖ ಅರಳಿತು, ಲಾರಿ ತಂದಿದ್ದಾಳೆ ಎಂದುಕೊಂಡಿರಬೇಕು. ನಾನು ಸೆರಗಿನ ಗಂಟು ಬಿಚ್ಚಿ ಕಪ್ಪು ತಗಡನ್ನು ಅಮೀನರ ಮೇಜಿನ ಮೇಲೆ ಇಟ್ಟಾಗ ಆ ಮುಖ ಏನಾಯಿತೆಂದು ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಯಾರ ಹೆಂಡತಿ ಎಂದು ಬರೆಯುವವನು ಕೇಳಿದ. ಒಡಪು ಕಟ್ಟಿ ಗಂಡನ ಹೆಸರು ಹೇಳುವ ಹೊತ್ತೇ ಅದು? ಅಮೋಘಸಿದ್ದಪ್ಪ ಎಂದು ನೆಟ್ಟಗೆ ಹೇಳಿಬಿಟ್ಟೆ.

ಅಮೀನರು ತಗಡನ್ನು ತಿರುವಿ ತಿರುವಿ ನೋಡಿದರು. ಇದು ಯಾವ ಡಬ್ಬಿಯದೂ ಆಗಬಹುದು ಎಂದರು. ನಿನ್ನೆ ಇಲ್ಲ ಎಂದವಳು ಇವತ್ತು ಹೌದು ಎನ್ನುತ್ತೀ, ಗಂಡನನ್ನು ಉಳಿಸಲು ಹೆಂಡತಿ ಎಂಥ ಸಾಕ್ಷಿ-ಗವಾಹಿಯನ್ನಾದರೂ ಹೇಳುತ್ತಾಳೆ ಎಂದರು. ಬಾಗಿಲು ತೆರೆಯುತ್ತಿತ್ತು, ಗಾಲಿ ಹೊರಳುತ್ತಿದ್ದವು, ಹಿಂದೆ ಕೆಂಪು ಬಳೆಚೂರಿತ್ತು ಎಂದು ನಾನು ಒಂದೊಂದಾಗಿ ಹೇಳಿದೆ. ಅವರು ಕಣ್ಣು ಸಣ್ಣ ಮಾಡಿ ಕೇಳಿದರು.

“ಅಷ್ಟು ಚಂದ ಇದ್ರ ಯಾಕ ಸುಟ್ಟಿ? ಖರೇ ಹೇಳು.”

ಅಂಗಳದಲ್ಲಿ ಏಳೆಂಟು ಗಂಡಸರಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಖರೇ ಒಂದೇ ಇತ್ತು ನನ್ನ ಹತ್ತಿರ.

“ನನಗ ಸವತಿ ಅದಾಳ ಅಂತ ಶಕ್ ಬಂತ್ರಿ. ಅವಳ ಕೂಸಿಗೆ ಆಟಿಗಿ ಮಾಡ್ಯಾರ ಅಂತ ಒಲಿಗೆ ಹಾಕ್ದೆ.”

ಮೊದಲು ಮಹೆಬೂಬ ಗೋಡೆಯ ಕಡೆ ತಿರುಗಿದ, ಅವನ ಹೆಗಲು ಕುಣಿಯುತ್ತಿತ್ತು. ಆಮೇಲೆ ಅಮೀನರು ನಕ್ಕರು, ಪಗಡಿ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ಒಳಗಿದ್ದವರನ್ನೂ ಕರೆದು ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಲಾರಿಯ ಡ್ರೈವರ್ ಬಂದ ಮೇಲೆ ಮತ್ತೊಮ್ಮೆ ಹೇಳಿದೆ. ಹುರಿ, ತಗಡು, ಇವರ ಆಣೆ ಪ್ರಮಾಣ, ಯಾವುದನ್ನೂ ನಂಬದ ಗಂಡಸರು ಹೆಂಡತಿಯ ಮತ್ಸರವನ್ನು ಕಣ್ಣು ಮುಚ್ಚಿ ನಂಬಿದರು. ಅಂಥದೊಂದು ಅವರವರ ಮನೆಯಲ್ಲೂ ಇತ್ತೇನೋ. ಹಗ್ಗ ಬಿಚ್ಚಲು ಅಮೀನರೇ ಹೇಳಿದರು. ಬಳೆಚೂರು ಎಲ್ಲಿಂದ ತಂದೆ ಎಂದು ಇವರನ್ನು ಕೇಳಿದರು. ಬಳೆಗಾರ್ತಿಯ ಬುಟ್ಟಿಯ ಕೆಳಗೆ ಬಿದ್ದದ್ದನ್ನು ಆರಿಸಿಕೊಂಡೆ, ಮುದುಕಿ ಸುಮ್ಮನೆ ಕೊಟ್ಟಳು ಎಂದರು ಇವರು. ಮತ್ತೆ ನಗು. ಹುರಿಯನ್ನು ಮಾತ್ರ ಅಮೀನರು ತಮ್ಮಲ್ಲೇ ಇಟ್ಟುಕೊಂಡರು.

ಬಂಡಿಯಲ್ಲಿ ಯುನೂಸ್ ಮುಂದೆ, ನಾವಿಬ್ಬರೂ ಹಿಂದೆ. ಊರು ಹಿಂದಾಗುವ ತನಕ ಇವರು ಕೈಯಲ್ಲಿ ಆ ಸುಟ್ಟ ತಗಡು ಹಿಡಿದುಕೊಂಡು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಒಂದು ಏಟು ಹಾಕಿದ್ದರೂ ತಡೆದುಕೊಳ್ಳುತ್ತಿದ್ದೆ. ಸುಮ್ಮನಿದ್ದದ್ದಕ್ಕೇ ನನಗೆ ಸಿಟ್ಟು ಬಂತು. ತಪ್ಪು ನನ್ನದೇ, ಆದರೂ ಸಿಟ್ಟು ಬಂತು.

“ಏಣಿ ಎಳಕೊಂಡು ಮುಚ್ಚಿಟ್ಟು ಯಾಕ ಮಾಡಬೇಕಿತ್ತ್ರಿ? ಲಾರಿ ಮಾಡಾಕತ್ತೇನಿ ಅಂತ ಒಂದು ಮಾತು ಹೇಳಿದ್ರ ನಾ ಸುಡ್ತಿದ್ನೇನು?”

ಅವರು ತಗಡನ್ನು ಮಡಿಲಲ್ಲಿಟ್ಟುಕೊಂಡರು.

“ತೊಟ್ಟಿಲ ಹಲಗಿ ಅದು,” ಎಂದರು. “ಎರಡನೇ ಸಲ ಮಾಡಿದ್ನಲ್ಲ, ಅದರದ್ದು. ಒಗೀಲಿಕ್ಕೆ ಮನಸ್ಸು ಬರಲಿಲ್ಲ, ಮಂದಿಗೆ ಕೊಡ್ಲಿಕ್ಕೂ ಬರಲಿಲ್ಲ. ಏನರೆ ಒಂದು ಆಗ್ಲಿ ಅಂತ ಲಾರಿ ಮಾಡ್ದೆ. ನೀ ನೋಡಿದ್ರ ಗುರುತು ಹಿಡೀತಿ ಅಂತ ಏಣಿ ಎಳ್ಕೋತಿದ್ದೆ.”

ಗುರುತು ಹಿಡಿಯಲಿಲ್ಲ ನಾನು. ಆ ಬಳ್ಳಿ ತೊಟ್ಟಿಲಿನ ಪಕ್ಕದ ಬಳ್ಳಿ; ಬಸುರಿಯಾಗಿ ಕೂತು ನಾನೇ ಎಣ್ಣೆ ಹಚ್ಚಿ ಒರೆಸಿದ ಬಳ್ಳಿ. ಕೈಯಲ್ಲಿ ಹಿಡಿದೂ ಗುರುತು ಹಿಡಿಯಲಿಲ್ಲ. ಇಲ್ಲದ ಸವತಿಯ ಇಲ್ಲದ ಕೂಸಿನ ಹಣೆ ಕಂಡ ಕಣ್ಣಿಗೆ ನನ್ನ ಕೂಸಿನ ತೊಟ್ಟಿಲು ಕಾಣಲಿಲ್ಲ.

ಯುನೂಸ್‌ಗೆ ಕೇಳಿಸಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅವನಿಗೆ ಕೇಳಿಸಿತು, ಎತ್ತುಗಳನ್ನು ನಿಧಾನ ಮಾಡಿದ. ಅಳಬೇಡ ಎಂದು ನನ್ನ ಗಂಡ ಹೇಳಲಿಲ್ಲ. ಅವರೂ ಅಳುತ್ತಿದ್ದರು.